ರಿಜಿಸ್ಟರ್ ಬಿಡಿ, ಮೊದಲು ಸಿಂಕ್ ನೋಡಿ

ಮಾನ್ಯ ಸಂಪಾದಕರೇ,

ಹಲ್ಲಿನ ಕ್ಲಿನಿಕ್‌ಗಳಲ್ಲಿ ಸಹಾಯಕಿಯಾಗಿ ಹನ್ನೊಂದು ವರ್ಷ ದುಡಿದವಳು ನಾನು. ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ತಪಾಸಣೆಗೆ ಬರುತ್ತೇವೆ ಅಂತ ಫೋನ್ ಬಂದ ಮಧ್ಯಾಹ್ನ, ಆಟೋಕ್ಲೇವ್ ರಿಜಿಸ್ಟರಿನ ಇಡೀ ತಿಂಗಳ ಪುಟವನ್ನು ಕೂತಲ್ಲೇ ತುಂಬಿಸಿದ್ದೆ. ಒಂದೇ ಪೆನ್ನು. ಪ್ರತಿ ಸಾಲಿಗೂ 134 ಡಿಗ್ರಿ, ಪಕ್ಕದಲ್ಲಿ ಸಹಿ. ಬಾಗಿಲು ಹಾಕಿದ್ದ ಭಾನುವಾರಗಳಿಗೂ 134 ಡಿಗ್ರಿ! ಬಂದವರು ಪುಟ ತಿರುವಿದರು, ಮೂಲೆಯಲ್ಲಿ ಸಹಿ ಹಾಕಿದರು, ಹೋದರು.

ಆಟೋಕ್ಲೇವ್ ಅಂದರೆ ಉಪಕರಣಗಳ ಮೇಲಿನ ಕ್ರಿಮಿ ಕೊಲ್ಲುವ ಒಂಥರಾ ಪ್ರೆಷರ್ ಕುಕ್ಕರ್. ಒತ್ತಡದ ಹಬೆಯಲ್ಲಿ ಉಪಕರಣಗಳು 121 ಡಿಗ್ರಿಯಾದರೆ 15 ನಿಮಿಷ, 134 ಆದರೆ 3 ನಿಮಿಷವಾದರೂ ಇರಬೇಕು. ಬಿಸಿ ಏರುವ ಹೊತ್ತು, ಒಣಗುವ ಹೊತ್ತು ಬೇರೆ. ಉಪಕರಣ ಹಾಕಿಡುವ ಪೌಚಿನ ಮೇಲಿನ ಗುರುತು ಬಣ್ಣ ಬದಲಾದರೆ ಸಾಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆ ಬಣ್ಣ ಹೇಳುವುದು ಪೌಚಿಗೆ ಬಿಸಿ ತಾಗಿದೆ ಅಂತ ಮಾತ್ರ. ಕ್ರಿಮಿ ಸತ್ತಿದೆಯಾ ಅಂತ ತಿಳಿಯಲು ಸ್ಪೋರ್ ಟೆಸ್ಟ್ ಬೇಕು. ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಕಗಳನ್ನು ಉಪಕರಣಗಳ ಜೊತೆಗೇ ಒಳಗಿಟ್ಟು, ಆಮೇಲೂ ಅವು ಬೆಳೆಯುತ್ತವಾ ಅಂತ ನೋಡುವುದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದನ್ನು ವಾರಕ್ಕೊಮ್ಮೆಯಾದರೂ ಮಾಡಿ ಅನ್ನುತ್ತದೆ. ಅದೇ ದೇಶದ ಟಲ್ಸಾ ನಗರದ ಒಂದು ಕ್ಲಿನಿಕ್‌ನಲ್ಲಿ 6 ವರ್ಷ ಆ ಟೆಸ್ಟ್ ನಡೆದೇ ಇರಲಿಲ್ಲ. 2013ರಲ್ಲಿ ಸುಮಾರು 7,000 ರೋಗಿಗಳಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಪತ್ರ ಹೋಯಿತು. ವಿಷಯ ಹೊರಬಿದ್ದದ್ದು ಒಬ್ಬ ರೋಗಿಗೆ ಹೆಪಟೈಟಿಸ್ ಸಿ ಬಂದ ಮೇಲೆ.

ನನ್ನ ಕ್ಲಿನಿಕ್‌ಗೆ ಮರುವರ್ಷ ಬೇರೊಬ್ಬರು ಬಂದರು. ಫೋನ್ ಇಲ್ಲ, ಸುಳಿವಿಲ್ಲ. ಮುಂದಿನ ಕೋಣೆಯಲ್ಲಿ ಕೂರಲೂ ಇಲ್ಲ, ನೇರ ಸಿಂಕ್ ಹತ್ತಿರ ಬಂದು ನಿಂತರು. "ಒಂದು ಟ್ರೇ ತೊಳೆದು ತೋರಿಸಮ್ಮಾ" ಅಂದರು. ತೊಳೆದೆ. ಹಲ್ಲಿನ ಕೊಳೆ ಕೆರೆಯುವ ಒಂದು ಸ್ಕೇಲರನ್ನು ಬೆಳಕಿಗೆ ಹಿಡಿದರು. ತುದಿಯ ಮಡಿಕೆಯಲ್ಲಿ ಕಂದು ಬಣ್ಣದ್ದೇನೋ ಒಣಗಿ ಕೂತಿತ್ತು. ನನ್ನ ಮುಖ ಸಣ್ಣದಾಯಿತು. ಕೊಳೆ ಕೂತಿದ್ದರೆ ಹಬೆ ಒಳಗೆ ಇಳಿಯುವುದೇ ಇಲ್ಲ, ಅಲ್ವಾ?

ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. ನಿನ್ನೆ ಎಷ್ಟು ಜನರಿಗೆ ಡ್ರಿಲ್ ಬಳಸಿದಿರಿ? ಹ್ಯಾಂಡ್‌ಪೀಸ್ (ಡ್ರಿಲ್‌ನ ಕೈಹಿಡಿ) ಎಷ್ಟಿವೆ? ಜನ ಇಪ್ಪತ್ತಾರು, ಹ್ಯಾಂಡ್‌ಪೀಸ್ ಎರಡು. ತೊಳೆದು, ಎಣ್ಣೆ ಬಿಟ್ಟು, ಪೌಚಿಗೆ ಹಾಕಿ, ಹಬೆಗಿಟ್ಟು, ಒಣಗಿಸಿ ತೆಗೆಯಲು ನಮ್ಮ ಮಷೀನಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಎಂಟು ಗಂಟೆಯ ಕೆಲಸಕ್ಕೆ ಎರಡು ಹ್ಯಾಂಡ್‌ಪೀಸಿನಿಂದ ಹದಿನಾರು ಜನರಿಗಿಂತ ಜಾಸ್ತಿ ಆಗುವುದೇ ಇಲ್ಲ. ಉಳಿದ ಹತ್ತು ಜನರಿಗೆ? ಸ್ಪಿರಿಟ್ ಹಚ್ಚಿ ಒರೆಸುವುದು. ಅದು ಹೊರಗಿನ ಹೊಳಪಿಗಷ್ಟೇ. ಡ್ರಿಲ್ ನಿಂತಾಗ ಬಾಯಿಯ ನೀರು, ರಕ್ತ ಒಳಕ್ಕೆ ಎಳೆದುಕೊಳ್ಳಬಹುದು. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ 7 ದಿನ ಬದುಕಿರಬಲ್ಲದು.

ಯಾವ ಫೈಲೂ ತೋರಿಸದ್ದನ್ನು ಆ ಒಂದು ಲೆಕ್ಕ ತೋರಿಸಿತು.

ಚೇರಿನ ನೀರಿನ ಕೊಳವೆಯನ್ನೂ ಅವರು ಬಿಡಲಿಲ್ಲ. ಸಣ್ಣ ಕೊಳವೆ, ರಾತ್ರಿಯೆಲ್ಲ ನಿಂತ ನೀರು, ಒಳಗೆ ಲೋಳೆ ಕಟ್ಟುತ್ತದೆ. ಪ್ರತಿ ರೋಗಿಯ ನಂತರ 20-30 ಸೆಕೆಂಡಾದರೂ ನೀರು ಹರಿಯಬಿಡಬೇಕು, ಆಗಾಗ ಔಷಧಿ ಹಾಕಿ ಸ್ವಚ್ಛ ಮಾಡಬೇಕು. ಒಂದು ಮಿಲಿಲೀಟರ್ ನೀರಿನಲ್ಲಿ ಬ್ಯಾಕ್ಟೀರಿಯಾ ಎಣಿಕೆ 500 ದಾಟಬಾರದು. 2016ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಹಾಲುಹಲ್ಲಿನ ಚಿಕಿತ್ಸೆಗೆ ಹೋದ ಹತ್ತಾರು ಮಕ್ಕಳಿಗೆ ಸೋಂಕು ತಗುಲಿದ್ದು ಇಂಥ ನೀರಿನಿಂದಲೇ.

ತುರ್ತು ಔಷಧಿಗಳ ಡಬ್ಬಿ ತೆಗೆಸಿದರು. ಅಡ್ರಿನಲಿನ್ ಅವಧಿ ಮುಗಿದು ಐದು ತಿಂಗಳಾಗಿತ್ತು. ಆಕ್ಸಿಜನ್ ಸಿಲಿಂಡರ್ ಇತ್ತು, ಅದನ್ನು ತೆರೆಯುವ ಕೀ ಸಿಗಲಿಲ್ಲ. ಡಾಕ್ಟರಿಗೆ ಸಿಟ್ಟು ಬಂತು, ಪಾಪ, ಅವರೂ ಕೆಟ್ಟವರಲ್ಲ. ಎರಡು ವಾರ ಗಡುವು ಕೊಟ್ಟು, ಗಡುವು ಮುಗಿದ ದಿನ ಮತ್ತೆ ಬಂದರು. ಅಷ್ಟರಲ್ಲಿ ಹ್ಯಾಂಡ್‌ಪೀಸ್ ಎಂಟಾಗಿದ್ದವು.

ತಪಾಸಣೆಯ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇಷ್ಟೇ. ಹೇಳದೆ ಬನ್ನಿ. ಹಿಂದಿನ ಕೋಣೆಯಿಂದ ಶುರು ಮಾಡಿ. ರಿಜಿಸ್ಟರನ್ನು ಆಟೋಕ್ಲೇವ್ ಮಷೀನಿನ ಪ್ರಿಂಟಿನ ಪಕ್ಕ ಇಟ್ಟು ಓದಿ. ಸಹಾಯಕಿಯನ್ನು ಡಾಕ್ಟರ ಎದುರಿಗೆ ಮಾತ್ರ ಪ್ರಶ್ನೆ ಮಾಡಬೇಡಿ. ಮೊದಲ ವರ್ಷ ಹಾಗೆ ಕೇಳಿದಾಗ "ಎಲ್ಲಾ ಸರಿಯಾಗಿದೆ ಸರ್" ಅಂದವಳು ನಾನೇ.

ಇಂತಿ,
ಮಾಜಿ ದಂತ ಸಹಾಯಕಿ
(ಹೆಸರು ಪ್ರಕಟಿಸದಿರಲು ವಿನಂತಿ)