ಚಿಮಣಿ ಉಳಿದರೆ ಸಾಕೆ?

ಮಾನ್ಯರೇ,

ಹಳೆಯ ಕೈಗಾರಿಕಾ ಪ್ರದೇಶಗಳಿಗೆ ‘ಮರುಜೀವ’ ಕೊಡುವ ಚರ್ಚೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಆ್ಯಂಕೋಟ್ಸ್ ಎಂಬ ಹಳೆಯ ಗಿರಣಿ ಪ್ರದೇಶವನ್ನು ನೆನೆಯಬೇಕು. ಅಲ್ಲಿನ ಮರ್ರೆ ಸಹೋದರರ ಹತ್ತಿ ಗಿರಣಿಯ ಕಟ್ಟಡ ಎದ್ದದ್ದು 1798ರ ಸುಮಾರಿಗೆ. ಉಗಿಯಂತ್ರ, ಪಕ್ಕದಲ್ಲೇ ಕಾಲುವೆ, ಗಿರಣಿ ಗೋಡೆಗೆ ಒತ್ತಿಕೊಂಡಂತೆ ಕಾರ್ಮಿಕರ ಇಕ್ಕಟ್ಟಿನ ಮನೆಗಳು. 20ನೇ ಶತಮಾನದಲ್ಲಿ ಜವಳಿ ಉದ್ಯಮ ಕುಸಿಯಿತು, ಜನ ಚದುರಿದರು, ಗಿರಣಿಗಳು ಪಾಳುಬಿದ್ದವು. ಈಗ ಅದೇ ಕೆಂಪು ಇಟ್ಟಿಗೆಯ ಗೋಡೆಗಳೊಳಗೆ ದುಬಾರಿ ಫ್ಲ್ಯಾಟುಗಳು. ಹೊಗೆ ಕುಡಿದವರು ಯಾರೋ, ಹೊಗೆಯಿಲ್ಲದ ಕಿಟಕಿಯ ನೋಟಕ್ಕೆ ಬೆಲೆ ತೆರುವವರು ಯಾರೋ! ಕಟ್ಟಡ ಕೆಡವದೆ ಉಳಿಸಿಕೊಂಡದ್ದು ಒಳ್ಳೆಯದೇ, ಅದನ್ನು ಹಳಿಯುತ್ತಿಲ್ಲ.

ಜರ್ಮನಿಯ ಎಸ್ಸೆನ್ ನಗರದ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲೇ ಇಂದು ಆ ಸೀಮೆಯ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯವಿದೆ. ಅಲ್ಲಿ ದುಡಿಮೆಯ ನೆನಪಿಗಾದರೂ ಒಂದು ವಿಳಾಸ ಸಿಕ್ಕಿದೆ.

ನೆನಪಷ್ಟೇ ಸಾಲದು ಅನ್ನಿ. ಇಂಥ ಜಾಗಗಳ ನಕ್ಷೆಗೆ ಮಂಜೂರಾತಿ ಕೊಡುವ ಮೊದಲೇ, ಕಡಿಮೆ ಬಾಡಿಗೆಯ ಮನೆಗಳು ಎಷ್ಟು, ಅವು ಯಾರಿಗೆ ಎಂಬುದನ್ನು ನಗರಾಡಳಿತಗಳು ಬರಹದಲ್ಲಿ ಪಡೆಯಲಿ.

– ಒಬ್ಬ ಓದುಗ