ಸ್ಕ್ಯಾನಿಂಗ್ ಪ್ರೋಬ್‌ಗಳ ಶುಚಿತ್ವದ ಬಗ್ಗೆ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದ ನಾನು, ಕಳೆದ ವರ್ಷ ಏಳು ವಾರದ ಬಸುರಿಯಾಗಿದ್ದ ನನ್ನ ಸೊಸೆಯನ್ನು ಕರೆದುಕೊಂಡು ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿದ್ದೆ. ವೈದ್ಯರು ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬರೆದುಕೊಟ್ಟಿದ್ದರು. ನಮಗಿಂತ ಮೊದಲು ಹೋದವರು ಮಂಚದಿಂದಿಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಂತೆಯೇ ಅಲ್ಲಿನ ಸಹಾಯಕಿ ಪ್ರೋಬಿನ, ಅಂದರೆ ಸ್ಕ್ಯಾನಿಂಗ್ ಯಂತ್ರದಲ್ಲಿ ದೇಹಕ್ಕೆ ತಾಗಿಸುವ ಭಾಗದ, ಮೇಲೆ ಕವರ್ ಆಗಿ ಹಾಕಿದ್ದ ಕಾಂಡೋಮನ್ನು ಎಳೆದು ಬುಟ್ಟಿಗೆ ಹಾಕಿ, ಅಂಟಿದ್ದ ಜೆಲ್ಲನ್ನು ಟಿಶ್ಯೂ ಕಾಗದದಲ್ಲಿ ಒರೆಸಿ, ಅದೇ ಗ್ಲೌಸಿನಲ್ಲಿ ಹೊಸದೊಂದನ್ನು ಏರಿಸಿದಳು. ತೊಳೆಯುವುದಿಲ್ಲವೇನಮ್ಮಾ ಎಂದು ಕೇಳಿದೆ. "ಮೇಲೆ ಕವರ್ ಹಾಕಿರ್ತೀವಲ್ಲ ಆಂಟಿ, ಏನೂ ಆಗಲ್ಲ" ಎಂದಳು. ಅವಳ ಮೇಲೆ ನನಗೆ ಕೋಪವಿಲ್ಲ; ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕವರ್ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಎನ್ನುವಂತಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಅದರಲ್ಲಿ ಬೀಳುತ್ತವೆ, ಕಳಚುವಾಗ ಸ್ರಾವವು ಕೈಗೂ ಪ್ರೋಬಿನ ಹಿಡಿಕೆಗೂ ಮೆತ್ತಿಕೊಳ್ಳುತ್ತದೆ. ವೈದ್ಯಕೀಯ ಉಪಕರಣಗಳನ್ನು ಸೋಂಕಿನ ಅಪಾಯಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸುವ, ಸ್ಪಾಲ್ಡಿಂಗ್ ಹೆಸರಿನ ಪದ್ಧತಿಯನ್ನು ಜಗತ್ತಿನ ಆಸ್ಪತ್ರೆಗಳು ದಶಕಗಳಿಂದ ಅನುಸರಿಸುತ್ತಿವೆ. ಅದರ ಪ್ರಕಾರ ಲೋಳೆಪೊರೆಯನ್ನು ಮುಟ್ಟುವ ಪ್ರೋಬಿಗೆ, ಕವರ್ ಹಾಕಿದ್ದರೂ, ಪ್ರತಿ ರೋಗಿಯ ನಂತರ ಉನ್ನತ ಮಟ್ಟದ ಸೋಂಕುನಿವಾರಣೆ, ಅಂದರೆ ಬಹುತೇಕ ಎಲ್ಲ ರೋಗಾಣುಗಳನ್ನೂ ಕೊಲ್ಲುವ ಶುದ್ಧೀಕರಣ, ಆಗಲೇಬೇಕು. ಹೊಟ್ಟೆಯ ಮೇಲೆ ಆಡಿಸುವ ಪ್ರೋಬಿನ ಮಾತು ಬೇರೆ. ಗಾಯವಿಲ್ಲದ ಚರ್ಮವನ್ನಷ್ಟೇ ಮುಟ್ಟುವ ಅದನ್ನು ಶುಚಿಮಾಡಿ ಸೂಕ್ತ ಸೋಂಕುನಿವಾರಕದಿಂದ ಒರೆಸಿದರೆ ಸಾಮಾನ್ಯವಾಗಿ ಸಾಕು. ಅನ್ನನಾಳಕ್ಕೆ ಇಳಿಸಿ ಹೃದಯವನ್ನು ನೋಡುವ ಪ್ರೋಬನ್ನು ಸರಿಯಾಗಿ ಶುದ್ಧಗೊಳಿಸದ್ದರಿಂದ ಹೆಪಟೈಟಿಸ್ ಬಿ ತಗುಲಿ ರೋಗಿಯೊಬ್ಬರು ಸತ್ತಿರಬಹುದೆಂಬ ಕಾರಣಕ್ಕೆ ಬ್ರಿಟನ್ನಿನ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ 2012ರಲ್ಲಿಯೇ ಎಚ್ಚರಿಕೆ ಹೊರಡಿಸಿತ್ತು.

ಕೆಲಸ ದೊಡ್ಡದೇನಲ್ಲ, ಆದರೆ ಸಮಯ ಹಿಡಿಯುತ್ತದೆ. ಮೊದಲು ಜೆಲ್ ಪೂರ್ತಿ ಹೋಗುವಂತೆ ಸೌಮ್ಯ ಮಾರ್ಜಕದಲ್ಲಿ ತೊಳೆದು ಒಣಗಿಸಬೇಕು. ಜೆಲ್ ಉಳಿದರೆ ಔಷಧ ಅದರಡಿ ಇಳಿಯುವುದಿಲ್ಲ. ಬಳಿಕ, ತಯಾರಕರು ಒಪ್ಪಿದ ದ್ರಾವಣದಲ್ಲಿ, ಉದಾಹರಣೆಗೆ 0.55 ಶೇಕಡಾ ಓಪಿಎ ಎಂಬ ಸೋಂಕುನಿವಾರಕ ರಾಸಾಯನಿಕದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ನಿಮಿಷ, ಅದ್ದಿಟ್ಟು, ಮತ್ತೆ ಚೆನ್ನಾಗಿ ತೊಳೆದು ಒರೆಸಬೇಕು. ದ್ರಾವಣದ ಬಲ ಇನ್ನೂ ಇದೆಯೇ ಎಂದು ಟೆಸ್ಟ್ ಸ್ಟ್ರಿಪ್‌ನಿಂದ ನೋಡಬೇಕು. ಸ್ಪಿರಿಟ್ ಹತ್ತಿ ಇದಕ್ಕೆ ಬದಲಿಯಲ್ಲ, ಎಷ್ಟೋ ಪ್ರೋಬ್‌ಗಳ ಮುಖದ ಪದರವನ್ನು ಅದು ಹಾಳುಮಾಡುವುದೂ ಉಂಟು. ಎಲ್ಲ ಸೇರಿ ಇಪ್ಪತ್ತು ನಿಮಿಷವೆಂದರೂ ಒಂದೇ ಪ್ರೋಬಿದ್ದರೆ ಗಂಟೆಗೆ ಮೂವರನ್ನು ನೋಡುವುದೂ ಕಷ್ಟ. ಹೊರಗೆ ಮೂವತ್ತು ಮಂದಿ ಬೆಂಚಿನ ಮೇಲೆ ಕುಳಿತಿರುವಾಗ ಯಾವ ಸಹಾಯಕಿಯೂ ಗಡಿಯಾರ ನೋಡುತ್ತಾ ನಿಲ್ಲಲಾರಳು. ಆದ್ದರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡನೆಯ ಪ್ರೋಬ್ ಕೊಡಿಸದೆ ಬರೀ ಸುತ್ತೋಲೆ ಕಳಿಸಿದರೆ, ರಿಜಿಸ್ಟರ್ ಭರ್ತಿಯಾಗುತ್ತದೆ, ಪ್ರೋಬ್ ಮಾತ್ರ ಒಣಗಿಯೇ ಇರುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಲಿಂಗಪತ್ತೆ ತಡೆಯಲು 1994ರ ಕಾಯ್ದೆಯಡಿ ಪ್ರತಿ ಸ್ಕ್ಯಾನಿಂಗ್ ಯಂತ್ರವೂ ನೋಂದಣಿಯಾಗಿದೆ, ಪ್ರತಿ ಗರ್ಭಿಣಿಗೂ ಫಾರಂ ಎಫ್ ಎಂಬ ಸ್ಕ್ಯಾನಿನ ವಿವರಪತ್ರ ತುಂಬಲಾಗುತ್ತದೆ. ಆ ಕಾಯ್ದೆಯ ಉದ್ದೇಶವೇ ಬೇರೆ, ಅದರಡಿ ಪ್ರೋಬ್ ತೊಳೆದಿರಾ ಎಂದು ಕೇಳಲಾಗದು ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆದಾರು, ಅದು ಸರಿಯೇ. ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇವೇ ಕೇಂದ್ರಗಳು ತಮ್ಮ ಇಲಾಖೆಯಲ್ಲಿ ನೋಂದಣಿಯಾಗುತ್ತವಲ್ಲ? ಆ ನೋಂದಣಿಯ ತಪಾಸಣೆಯಲ್ಲಿ ನೆನೆಹಾಕುವ ತೊಟ್ಟಿ, ಟೆಸ್ಟ್ ಸ್ಟ್ರಿಪ್ ಹಾಗೂ ಪ್ರತಿ ಬಾರಿಯ ಸಮಯ ಬರೆದ ಪುಸ್ತಕ, ಇಷ್ಟನ್ನು ನೋಡಲು ಆದೇಶಿಸಬೇಕೆಂದು ಕೋರುತ್ತೇನೆ.

ಜೊತೆಗೆ, ತೊಳೆಯುವ ಕ್ರಮವನ್ನು ಒಂದೇ ಪುಟದಲ್ಲಿ, ಚಿತ್ರಸಹಿತ, ಕನ್ನಡದಲ್ಲಿ ಅಚ್ಚುಹಾಕಿಸಿ ಕಳಿಸಿಕೊಡಿ. "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ಪ್ರತಿ ಸೆಂಟರಿನ ಗೋಡೆಯಲ್ಲೂ ಇದೆ. ಈ ಪುಟವನ್ನು ಒಳಗೆ, ಸಿಂಕಿನ ಮೇಲೆ, ಆ ಹುಡುಗಿಯ ಕಣ್ಣಿಗೆ ಬೀಳುವಂತೆ ಅಂಟಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ