ಗಾಡಿಗೆ ಬಣ್ಣ ಹೊಡೆಸುವುದು ಬೇಡ, ಅಪ್ಪಯ್ಯ

ದುಬೈ

ತೀರ್ಥರೂಪರಾದ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮರ್ಸಿಡಿಸ್ ಎಂ.ಎಲ್. ಗಾಡಿಯನ್ನು ಮಾರುವ ಮೊದಲು ಪೂರ್ತಿ ಪೇಂಟಿಂಗ್ ಮಾಡಿಸಬೇಕೆಂದು ಭಾವ ಹೇಳುತ್ತಿರುವುದಾಗಿಯೂ, ಉಡುಪಿಯ ಗ್ಯಾರೇಜೊಂದರಲ್ಲಿ ಅದಕ್ಕೆ ಅಡ್ವಾನ್ಸ್ ಕೊಟ್ಟಿರುವುದಾಗಿಯೂ ತಮ್ಮ ಹೇಳಿದ. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಆ ಕೆಲಸವನ್ನು ನಿಲ್ಲಿಸಿ.

ಭಾವನ ಉದ್ದೇಶ ಒಳ್ಳೆಯದೇ. ಆದರೆ 2013ರ ಗಾಡಿಯೊಂದು ಈಗ ಅಡಿಯಿಂದ ಮುಡಿಯವರೆಗೆ ಹೊಸ ಬಣ್ಣದಲ್ಲಿ ಮಿರಮಿರನೆ ಮಿಂಚುತ್ತಿದ್ದರೆ, ಎಲ್ಲಿ ಗುದ್ದಿಸಿದ್ದಾರೆ, ಏನನ್ನು ಮುಚ್ಚಿದ್ದಾರೆ ಎಂಬ ಸಂಶಯವೇ ಕೊಳ್ಳಲು ಬಂದವರಿಗೆ ಮೊದಲು ಬರುತ್ತದೆ. ಇಂಥ ಗಾಡಿ ಹುಡುಕುವವರಲ್ಲಿ ಹಲವರು ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಬಂದು, ಒಂದೊಂದೇ ಬಾಗಿಲಿಗೆ ಒತ್ತಿ ನೋಡುತ್ತಾರೆ. ಕಂಪನಿಯ ಬಣ್ಣವಾದರೆ ಅದು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ತೋರಿಸುತ್ತದೆ. ಪುಟ್ಟಿ ಹಾಕಿ ಬಣ್ಣ ಹೊಡೆದ ಜಾಗದಲ್ಲಿ ಅಂಕಿ ಹಲವು ಪಟ್ಟು ಏರುತ್ತದೆ. ಇಲ್ಲಿ ದುಬೈಯಲ್ಲಿ ಮಾಲೀಕರ ಹೆಸರು ಬದಲಾಗುವ ಮೊದಲು ಗಾಡಿಯ ತಪಾಸಣೆ ಆಗಲೇಬೇಕು, ಮತ್ತು ಮಾರುವವರು ‘ಒರಿಜಿನಲ್ ಪೇಂಟ್’ ಎಂಬುದನ್ನು ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಬರೆಯುತ್ತಾರೆ. ನಮ್ಮಲ್ಲಿ ಅದೊಂದು ಇದ್ದೂ ಅದನ್ನು ದುಡ್ಡು ಕೊಟ್ಟು ಅಳಿಸಿ ಹಾಕುವುದೇಕೆ?

ತೆಂಗಿನ ಮಡಲು ಬಿದ್ದು ಮೇಲ್ಭಾಗದಲ್ಲಿ ಆದ ತಗ್ಗು, ಪಾಗಾರದ ಕೆಂಪುಕಲ್ಲಿಗೆ ಉಜ್ಜಿ ಹಿಂದಿನ ಎಡ ಬಾಗಿಲಿನಲ್ಲಿ ಉಳಿದ ಗೀರು, ಬಿಸಿಲಿಗೆ ಬಾನೆಟ್ಟಿನ ಮೇಲೆ ಎದ್ದು ಬರುತ್ತಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಮೇಲ್ಪದರ, ಡ್ರೈವರ್ ಸೀಟಿನ ಬಿರಿದ ಚರ್ಮ, ಇವಿಷ್ಟನ್ನೂ ನೋಡಲು ಬಂದವರು ಕಂಡುಹಿಡಿಯುವ ಮೊದಲು ನೀವೇ ತೋರಿಸಿಬಿಡಿ. ಗೀರಿನ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ತಮ್ಮ ಫೋಟೋ ತೆಗೆದರೆ ಅದರ ಅಳತೆ ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಅದೇ ಗ್ಯಾರೇಜಿನವರಿಂದ ಈ ರಿಪೇರಿಗಳಿಗೆಲ್ಲ ಒಂದು ಎಸ್ಟಿಮೇಟ್ ಬರೆಸಿ ಇಟ್ಟುಕೊಳ್ಳಿ. ಚೌಕಾಸಿಗೆ ಕುಳಿತವರು ತಗ್ಗು ತೋರಿಸಿ ಲಕ್ಷಗಟ್ಟಲೆ ಇಳಿಸಲು ನೋಡಿದಾಗ, ಆ ಕಾಗದದಲ್ಲಿರುವ ಮೊತ್ತಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಗೆ ಬಿಡಲಾಗದು ಎಂದು ಹೇಳಲು ಅದು ಆಧಾರವಾಗುತ್ತದೆ. ಹಳದಿಗಟ್ಟಿದ ಹೆಡ್‌ಲೈಟನ್ನು ಮಾತ್ರ ಪಾಲಿಶ್ ಮಾಡಿಸಿ, ಮತ್ತು ಮಳೆಗಾಲದ ಬೂಷ್ಟಿನ ವಾಸನೆ ಹೋಗುವಂತೆ ನಾಲ್ಕು ದಿನ ಬಾಗಿಲು ತೆರೆದಿಟ್ಟು ಒಳಗೆಲ್ಲ ಒಣಗಿಸಿ.

‘ಮೇಲೆ ಥಳಕು, ಒಳಗೆ ಹುಳುಕು’ ಎನ್ನುತ್ತಾರಲ್ಲ, ನಮ್ಮ ಗಾಡಿ ಅದಕ್ಕೆ ನೇರ ವಿರುದ್ಧ. ಈ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಬಲ್ಲವರು ಬಂದರೆ ಮೊದಲು ಕೇಳುವುದು ಎಂಜಿನ್ ಆಯಿಲನ್ನು ತಣಿಸುವ ಆಯಿಲ್ ಕೂಲರಿನ ಸೀಲ್ ಬದಲಾಯಿಸಿದ್ದೀರಾ ಎಂದು. ಆ ಕೂಲರ್ ಎರಡು ಸಿಲಿಂಡರ್ ಸಾಲುಗಳ ನಡುವೆ ಹುದುಗಿರುವುದರಿಂದ, ಸೀಲಿನ ಬೆಲೆ ಸಣ್ಣದಾದರೂ ಅದನ್ನು ತಲುಪಲು ಮೇಲಿನ ಭಾಗಗಳನ್ನೆಲ್ಲ ಬಿಚ್ಚಬೇಕಾಗಿ ಕೂಲಿಯೇ ದೊಡ್ಡದಾಗುತ್ತದೆ. ನೀವು ಮುಂಜಾಗ್ರತೆಯಿಂದ ಅದನ್ನು ಮಾಡಿಸಿದ್ದೀರಿ, ಬಿಲ್ಲೂ ನಿಮ್ಮ ಫೈಲಿನಲ್ಲಿದೆ; ನನ್ನ ಲೆಕ್ಕದಲ್ಲಿ ಆ ಒಂದು ಹಾಳೆಗೆ ಪೂರ್ತಿ ಪೇಂಟಿಂಗಿಗಿಂತ ಹೆಚ್ಚು ಬೆಲೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ಲುಗಳನ್ನೂ ಸರ್ವಿಸ್ ದಾಖಲೆಗಳನ್ನೂ ತಾರೀಕಿನ ಪ್ರಕಾರ ಜೋಡಿಸಿಡಿ. ಓಡಿದ ಕಿಲೋಮೀಟರ್ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿಲ್ಲ ಎಂಬುದಕ್ಕೂ ಅವೇ ಸಾಕ್ಷಿ. ಗಾಳಿಯ ಒತ್ತಡದಿಂದ ಗಾಡಿಯನ್ನು ಎತ್ತಿ ಹಿಡಿಯುವ ಏರ್ ಸಸ್ಪೆನ್ಶನ್ ಬಗ್ಗೆ ಅನುಮಾನಪಟ್ಟವರಿಗೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನವೇ ಬರಲು ಹೇಳಿ. ರಾತ್ರಿಯೆಲ್ಲ ನಿಂತ ಗಾಡಿ ನಾಲ್ಕೂ ಮೂಲೆಗಳಲ್ಲಿ ಒಂದೇ ಎತ್ತರದಲ್ಲಿರುವುದನ್ನು ಅವರೇ ನೋಡಲಿ. ಕರಾವಳಿಯ ಗಾಡಿ ಎಂದೊಡನೆ ಘಟ್ಟದ ಮೇಲಿನವರು ತುಕ್ಕಿಗೆ ಹೆದರುತ್ತಾರೆ, ಅದು ಸಹಜವೂ ಹೌದು. ರ‍್ಯಾಂಪಿಗೆ ಏರಿಸಿ ಅಡಿಭಾಗ ತೋರಿಸಿದರೆ, ನೀವು ತಪ್ಪದೆ ಅಡಿ ತೊಳೆಸುತ್ತಿದ್ದುದು ಕಣ್ಣಿಗೇ ಕಾಣುತ್ತದೆ.

ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯುಸ್ಸು ಎಂದು ಹೆದರಿಸಿ ಬೆಲೆ ಇಳಿಸಲು ನೋಡುವ ಬ್ರೋಕರುಗಳೂ ಬಂದಾರು. ಆ ಹತ್ತು ವರ್ಷದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು, ಉಡುಪಿಗೆ ಅಲ್ಲ. ನಮ್ಮ ಆರ್.ಸಿ. 2028ರವರೆಗೆ ಚಾಲ್ತಿಯಲ್ಲಿರುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ಕಾಗದಪತ್ರದ ವಿಷಯ ನಿಮಗೆ ತಿಳಿಯದ್ದೇನಲ್ಲ, ಆದರೂ ಒಂದೆರಡು ಮಾತು. ಹಣವೆಲ್ಲ ಬ್ಯಾಂಕಿನ ಮೂಲಕವೇ ಬರಲಿ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಪಡೆದವರ ಮೇಲೆಯೇ ಬೀಳುತ್ತದೆ. ಹಣ ಖಾತೆಗೆ ಸೇರುವವರೆಗೆ ಹೆಸರು ಬದಲಾವಣೆಗೆ ಬರುವ ಓ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾದ ಮೇಲೆ ‘ನಾವೇ ಆರ್.ಟಿ.ಒ.ಗೆ ಕೊಡುತ್ತೇವೆ’ ಎಂಬ ಮಾತನ್ನು ನೆಚ್ಚಿ ಕೂರದೆ, ಹದಿನಾಲ್ಕು ದಿನದೊಳಗೆ ಅದು ಸಲ್ಲಿಕೆಯಾಗುವಂತೆ ತಮ್ಮ ನೋಡಿಕೊಳ್ಳಲಿ, ಏಕೆಂದರೆ ದಾಖಲೆಯಲ್ಲಿ ನಿಮ್ಮ ಹೆಸರು ಇರುವಷ್ಟು ಕಾಲ ಅಪಘಾತದ ಪರಿಹಾರದ ಹೊಣೆಯೂ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ಫಾಸ್ಟ್‌ಟ್ಯಾಗನ್ನು ಕೀ ಕೊಡುವ ಮೊದಲೇ ಮುಚ್ಚಿಸಿ; ಇಲ್ಲವಾದರೆ ಕೊಂಡವರು ಹೆಜಮಾಡಿಯ ಟೋಲ್ ದಾಟಿದಾಗ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಯ ಜೊತೆ ಹೋಗುವಂಥದ್ದಲ್ಲ, ಅದು ನಿಮಗೆ ಸೇರಿದ್ದು. ವಿಮಾ ಕಂಪನಿಯಿಂದ ಪತ್ರ ಪಡೆದಿಟ್ಟುಕೊಂಡರೆ ನೀವು ಕೊಳ್ಳಬೇಕೆಂದಿರುವ ಸಣ್ಣ ಆಟೋಮ್ಯಾಟಿಕ್ ಕಾರಿಗೆ ಅದು ಸಿಗುತ್ತದೆ.

ಭಾವನಿಗೆ ಬೇಸರವಾಗದಂತೆ ನೀವೇ ಹೇಳಬೇಕು. ನಾನು ಹೇಳಿದರೆ ದುಬೈಯಿಂದ ಉಪದೇಶ ಬಂತು ಎಂದಾರು. ಗ್ಯಾರೇಜಿಗೆ ಕೊಟ್ಟ ಅಡ್ವಾನ್ಸನ್ನು ಅವರು ಹಿಂದಿರುಗಿಸದಿದ್ದರೆ, ಹೆಡ್‌ಲೈಟ್ ಪಾಲಿಶಿನ ಲೆಕ್ಕಕ್ಕೆ ಹಿಡಿದುಕೊಳ್ಳಲು ಹೇಳಿ. ಫೋಟೋಗಳನ್ನು ಮೊದಲು ನನಗೊಮ್ಮೆ ಕಳುಹಿಸಲು ತಮ್ಮನಿಗೆ ತಿಳಿಸಿ. ಅಮ್ಮನಿಗೂ ಅಕ್ಕನಿಗೂ ನನ್ನ ನಮಸ್ಕಾರಗಳು.

ಇತಿ,
ನಿಮ್ಮ ಮಗ